ಮುಪ್ಪಿನ ಮಾಪನಶಾಸ್ತ್ರ: ಜರ್ಮನ್ ಶಾಖೆಯ ಒಂದು ವಿಮರ್ಶಾತ್ಮಕ ಅಧ್ಯಯನ

ಮುಪ್ಪನ್ನು ಅಳೆಯಬಹುದೇ ಎಂಬ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ಕೈಗೆತ್ತಿಕೊಳ್ಳಲೇ ಇಲ್ಲ. ನರೆ, ಸುಕ್ಕು, ಊರುಗೋಲು ಎಂದು ಲಕ್ಷಣ ಹೇಳಿ, ಮುಂದಿನದು ವೈರಾಗ್ಯಕ್ಕೆ ಸೇರಿದ್ದೆಂದು ಕೈತೊಳೆದುಕೊಂಡರು. ಆ ಕೊರತೆ ತುಂಬಿದವರು ಜರ್ಮನರು. 1995ರಲ್ಲಿ ಅಲ್ಲಿ ಆರೈಕೆ ವಿಮೆ ಕಡ್ಡಾಯವಾಯಿತು. ಯಾರಿಗೆ ಎಷ್ಟು ಆರೈಕೆ ಬೇಕೆಂದು ಗೊತ್ತುಮಾಡಲು ಶಾಸ್ತ್ರವೊಂದು ಹುಟ್ಟಲೇಬೇಕಾಯಿತು.

ಈ ಶಾಸ್ತ್ರಕ್ಕೆ ಎರಡು ಯುಗಗಳು. 2016ರ ಕೊನೆಯವರೆಗಿನದು ನಿಮಿಷಯುಗ. ಪರೀಕ್ಷಕರ ಕೈಪಿಡಿಯಲ್ಲಿ ತಲೆ ಬಾಚಲು 1ರಿಂದ 3 ನಿಮಿಷ, ಹಲ್ಲುಜ್ಜಲು 5, ಗಡ್ಡ ಹೆರೆಯಲು 5ರಿಂದ 10, ತೊಟ್ಟಿಯಲ್ಲಿ ಮೀಯಿಸಲು 20ರಿಂದ 25 ಎಂದು ಗೆರೆ ಎಳೆದಿತ್ತು. ಮನೆಗೆಲಸವೂ ಸೇರಿ ದಿನಕ್ಕೆ 90 ನಿಮಿಷವಾದರೂ ಆಗದಿದ್ದರೆ ಮೊದಲ ಮೆಟ್ಟಿಲೂ ಇಲ್ಲ. ಬಾಚಣಿಗೆ ಕೂದಲಲ್ಲಿರುವಾಗಲೇ ಅಜ್ಜಿ ತನ್ನ ಮದುವೆಯ ಕಥೆ ತೆಗೆದರೆ? ಮಾತುಕತೆ ಲೆಕ್ಕಕ್ಕಿಡುವ ಕೆಲಸಗಳ ಪಟ್ಟಿಯಲ್ಲೇ ಇರಲಿಲ್ಲ; ಕಥೆಯನ್ನು ಮೂರನೇ ನಿಮಿಷಕ್ಕೆ, ಅಂದರೆ ದಿಬ್ಬಣ ಹೊರಡುವ ಮೊದಲೇ, ಮುಗಿಸತಕ್ಕದ್ದು. ಕೈಕಾಲು ಗಟ್ಟಿಯಿದ್ದು ಮರೆವು ಹಿಡಿದ ಅಜ್ಜಂದಿರಂತೂ ಈ ಗಡಿಯಾರದ ಕೈಗೆ ಸರಿಯಾಗಿ ಸಿಗುತ್ತಲೇ ಇರಲಿಲ್ಲ.

2017ರಿಂದ ಅಂಕಯುಗ. ಒಟ್ಟು ನೂರು ಅಂಕ. 12.5 ಬಂದರೆ ಪಾಸು, 27ಕ್ಕೆ ಎರಡನೇ ದರ್ಜೆ, 47.5ಕ್ಕೆ ಮೂರನೆಯದು, 70ಕ್ಕೆ ನಾಲ್ಕನೆಯದು, 90 ಮುಟ್ಟಿದವರಿಗೆ ರ್‍ಯಾಂಕು. ಫೇಲಾದವರು ಸ್ವತಃ ಪಾತ್ರೆ ತೊಳೆದುಕೊಳ್ಳಬಲ್ಲವರೆಂದು ತಿಳಿಯಬೇಕು. ಸ್ವಂತ ಆರೈಕೆಯ ಭಾಗಕ್ಕೇ 40 ಅಂಕದ ತೂಕ. ಅದರ ಕಚ್ಚಾ ಲೆಕ್ಕದಲ್ಲಿ ಉಣ್ಣಲು ಪೂರಾ ಕೈಲಾಗದಿದ್ದರೆ 9, ಕುಡಿಯಲಾಗದಿದ್ದರೆ 6. ಕೂದಲು, ಹಲ್ಲು, ಗಡ್ಡ ಮೂರೂ ಒಟ್ಟಾಗಿ ಕೈಕೊಟ್ಟರೂ ಸಿಗುವುದು 3 ಮಾತ್ರ. ಅನ್ನಕ್ಕಿಂತ ದೊಡ್ಡದಿಲ್ಲವೆಂಬ ನಮ್ಮವರ ಮಾತು ಬರ್ಲಿನ್ನಿನಲ್ಲಿ ಹೀಗೆ ಕೋಷ್ಟಕವಾಯಿತು.

ಈ ಪರೀಕ್ಷೆಯ ಮೂಲದೋಷ ಅಭ್ಯರ್ಥಿಯ ಸ್ವಭಾವದಲ್ಲಿದೆ. ಪರೀಕ್ಷಕರು ಮೊದಲೇ ದಿನ ಹೇಳಿ ಮನೆಗೆ ಬರುತ್ತಾರೆ. ಬರುವವರು ಅತಿಥಿಗಳಲ್ಲವೇ? ಅಜ್ಜಿ ಒಳ್ಳೆಯ ರವಿಕೆ ತೊಟ್ಟು, ಚಕ್ರದ ನಡೆಗೋಲನ್ನು ಬಚ್ಚಲಿಗೆ ತಳ್ಳಿಸಿ, ಕೇಕು ತರಿಸಿ ಕೂತಿರುತ್ತಾಳೆ. "ಗುಂಡಿ ನೀವೇ ಹಾಕಿಕೊಂಡಿರಾ?" "ಮತ್ತಿನ್ಯಾರು?" ಬೆಳಿಗ್ಗೆಯಿಂದ ಆ ಗುಂಡಿಗಳೊಡನೆ ಹೆಣಗಿದ ಮಗಳು ಕುರ್ಚಿಯ ಹಿಂದೆ ನಿಂತು ಇಲ್ಲವೆಂದು ತಲೆಯಾಡಿಸುತ್ತಾಳೆ. "ಮೆಟ್ಟಿಲು?" "ಧಾರಾಳವಾಗಿ." ಮಾನ ಉಳಿಯಿತು, ಅಂಕ ಹೋಯಿತು. ಇಳಿಗಾಲದಲ್ಲಿ ಬಿಗುಮಾನದಷ್ಟು ದುಬಾರಿಯಾದ ಚಟ ಬೇರೊಂದಿಲ್ಲ.

ಈಗ ಪ್ರಸ್ತುತ ಲೇಖಕನ ಸ್ವಂತ ಸಂಶೋಧನೆಗೆ ಬರೋಣ. 2025ರ ದರದಂತೆ, ಎರಡನೇ ದರ್ಜೆಯವರನ್ನು ಹೊರಗಿನ ಸಂಸ್ಥೆಯವರು ಮನೆಗೆ ಬಂದು ನೋಡಿಕೊಂಡರೆ ವಿಮೆ ತಿಂಗಳಿಗೆ 796 ಯೂರೋವರೆಗೆ ಕೊಡುತ್ತದೆ. ಮಗಳೇ ನೋಡಿಕೊಂಡರೆ 347. ಭಾಗಿಸಿದರೆ 0.44. ಇದನ್ನು 'ವಾತ್ಸಲ್ಯ ಸ್ಥಿರಾಂಕ' ಎಂದು ಕರೆಯೋಣ. ನಾಲ್ಕು ಮತ್ತು ಐದನೇ ದರ್ಜೆಗಳಲ್ಲಿ ಅದು 0.43. ಮೂರನೆಯದರಲ್ಲಿ ಮಾತ್ರ (599 ಭಾಗಿಸು 1497) ಏಕೋ 0.40ಕ್ಕೆ ಇಳಿಯುತ್ತದೆ, ವಾತ್ಸಲ್ಯ ಅಲ್ಲಿ ಕುಸಿದು ಮುಂದೆ ಚೇತರಿಸಿಕೊಳ್ಳುವ ಕಾರಣ ಹೆಚ್ಚಿನ ಅಧ್ಯಯನಕ್ಕೆ ಅರ್ಹ. ಮಗಳು ನಡುರಾತ್ರಿಯೂ ಏಳುತ್ತಾಳಲ್ಲ, ಹೆಚ್ಚೇ ಸಲ್ಲಬೇಕಲ್ಲವೇ ಎಂಬುದು ಪೂರ್ವಪಕ್ಷ. ಸಿದ್ಧಾಂತ: ಅವಳು ಹಣಕ್ಕಾಗಿ ಏಳುವುದಿಲ್ಲ, ಕೊಡದಿದ್ದರೂ ಏಳುತ್ತಾಳೆ, ಆದಕಾರಣ ಕಡಿಮೆ ಸಾಕು. ಈ ತರ್ಕಕ್ಕೆ ಜರ್ಮನಿಯಾಚೆಗೂ ಅನುಯಾಯಿಗಳಿದ್ದಾರೆ. ಅವರಲ್ಲಿ ಅನೇಕರು ಆ 0.44 ಅನ್ನೂ ಕೊಡುವುದಿಲ್ಲ.

ಇನ್ನು ಧನಮೂಲ. ಸಂಬಳದ ಶೇ 3.6ನ್ನು ಮಾಲೀಕ, ನೌಕರ ಅರ್ಧರ್ಧ ಹಾಕುತ್ತಾರೆ. 23 ವರ್ಷ ದಾಟಿಯೂ ಮಕ್ಕಳಿಲ್ಲದವರು ಮೇಲೆ ಶೇ 0.6 ಕಟ್ಟಬೇಕು. ಮಕ್ಕಳಿಲ್ಲದವರಿಗೆ ಸದ್ಗತಿಯಿಲ್ಲವೆಂದು ನಮ್ಮ ಹಿರಿಯರು ಸುಮ್ಮನೆ ಹೆದರಿಸಿದರು. ಜರ್ಮನರು ದರ ಗೊತ್ತುಮಾಡಿದರು. ಮಾಲೀಕರ ಪಾಲಿನ ಹೊರೆ ಸರಿದೂಗಿಸಲು ಒಂದು ಸರ್ಕಾರಿ ರಜೆಯನ್ನೂ ಕಿತ್ತುಹಾಕಲಾಯಿತು. ಯಾವ ರಜೆ? ನವೆಂಬರಿನ ಬುಧವಾರವೊಂದರಂದು ಬರುವ ಪ್ರಾಟೆಸ್ಟಂಟರ ಪಶ್ಚಾತ್ತಾಪ ಮತ್ತು ಪ್ರಾರ್ಥನೆಯ ದಿನ. ಸ್ಯಾಕ್ಸನಿ ರಾಜ್ಯ ಮಾತ್ರ ರಜೆ ಬಿಡಲೊಲ್ಲೆ ಎಂದಿತು. ಅಲ್ಲಿ ನೌಕರನ ಪಾಲು ಶೇ 2.3, ಮಾಲೀಕನದು 1.3. ಉಳಿದ ಹದಿನೈದು ರಾಜ್ಯಗಳಲ್ಲಿ ಆ ಬುಧವಾರ ಇಡೀ ದಿನ ಪಶ್ಚಾತ್ತಾಪ ಪಡಬೇಕೆನಿಸಿದವರು ರಜೆ ಚೀಟಿ ಬರೆದುಕೊಟ್ಟು, ಮೇಲಿನವರ ಸಹಿ ಹಾಕಿಸಿಕೊಳ್ಳಬೇಕು.