ಬ್ಯಾಕಪ್ ಭಾವ

ಕೊಡಗು-ಕೇರಳ ಗಡಿಯ ಮಾಕುಟ್ಟದ ನಮ್ಮ ಭಾವನಿಗೆ ಮನೆಯಲ್ಲಿ ಯಾವುದಾದರೂ ವಸ್ತು ಒಂದೇ ಇದ್ದರೆ ನಿದ್ದೆ ಹತ್ತುವುದಿಲ್ಲ. ಕೊಡೆ ಎರಡು, ಟಾರ್ಚು ಮೂರು. ಸಿಮ್ಮಂತೂ ಆ ಗಡಿಯಲ್ಲಿ ಎಲ್ಲರಿಗೂ ಎರಡೆರಡು: ಕರ್ನಾಟಕದ್ದು ಕಾಡಿನಲ್ಲಿ ಕಳೆದುಹೋದರೆ ಕೇರಳದ್ದು ಕೈಹಿಡಿಯಬೇಕಲ್ಲ! 2018ರ ಮಳೆಗೆ ಗುಡ್ಡ ಜರಿದು ವಿರಾಜಪೇಟೆ ರಸ್ತೆ ಮುಚ್ಚಿದ ಮೇಲೆ ಈ ಕಾಯಿಲೆ ಉಲ್ಬಣಿಸಿತು. "ರಸ್ತೆಗೇ ಬ್ಯಾಕಪ್ ಇಲ್ಲ ನೋಡು" ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದರು.

ಕಾಳುಮೆಣಸು, ಜೇನು ಮಾರುವ ಭಾವನ ಗಿರಾಕಿಗಳ ಪಟ್ಟಿಯೆಲ್ಲ ಇಮೇಲ್ ಕಳಿಸುವ ಒಂದು ಕಂಪನಿಯ ಬಳಿ ಇತ್ತು. ಅವರು ನಾಳೆ ಅಂಗಡಿ ಮುಚ್ಚಿದರೆ? ಪಟ್ಟಿ ಇಳಿಸಿಕೊಂಡು, ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸಿಡುವ ಮೈಎಸ್‌ಕ್ಯೂಎಲ್‌ಗೆ ತುಂಬಲು ಕುಳಿತರು. ಕೋಷ್ಟಕಗಳ ಈ ಸಂಬಂಧಶಾಸ್ತ್ರವನ್ನು 1970ರಲ್ಲಿ ಹೇಳಿದವರು ಐಬಿಎಮ್‌ನ ಎಡ್ಗರ್ ಕಾಡ್. ಹೆಸರು ಕೇಳಿದ್ದೇ ತಡ, ಭಾವ ಅವರನ್ನು ನಮ್ಮ ಕಡೆಯವರೆಂದೇ ತೀರ್ಮಾನಿಸಿಬಿಟ್ಟರು.

ಮೊದಲ ಸಲ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದ್ದೇ ತಪ್ಪಾಯಿತು. 91 ಸೇರಿ ಹನ್ನೆರಡಂಕಿಯಾಗಿದ್ದ ಫೋನ್ ನಂಬರುಗಳನ್ನು ಅದು ದೊಡ್ಡ ಲೆಕ್ಕವೆಂದು ತಿಳಿದು ಕುಗ್ಗಿಸಿತು; ಅರ್ಧಕ್ಕರ್ಧ ಗಿರಾಕಿಗಳು "9.19 ಇ ಪ್ಲಸ್ 11" ಎಂಬ ಒಂದೇ ಮನುಷ್ಯನಾದರು. ಎರಡನೇ ಸಲ ನಂಬರನ್ನು ಅಕ್ಷರವೆಂದೇ ತುಂಬಿ, ಅದನ್ನೇ ಪ್ರೈಮರಿ ಕೀ ಮಾಡಿದರು.

"ಹಾಗಂದರೆ?" ಎಂದಳು ಅಕ್ಕ.

"ಒಬ್ಬನಿಗೆ ಒಂದೇ ಗುರುತು."

ಹೇಳಿದ್ದು ತಲೆಗೆರಡು ಸಿಮ್ಮಿನ ಊರಿನಲ್ಲಿ! ಒಮ್ಮೆ ಈ ನಂಬರು, ಒಮ್ಮೆ ಆ ನಂಬರು ಕೊಟ್ಟವರೆಲ್ಲ ಅವಳಿಜವಳಿಯಾದರು.

ಆಮೇಲೆ ಆರ್ಡರುಗಳ ಕೋಷ್ಟಕಕ್ಕೆ ಬಂದರು ಭಾವ. "ಇದು ಫಾರಿನ್ ಕೀ. ಗಿರಾಕಿಗಳ ಕೋಷ್ಟಕದಲ್ಲಿ ಇಲ್ಲದವನ ಆರ್ಡರ್ ಒಳಗೆ ಬಿಡುವುದಿಲ್ಲ."

"ಕೂಟುಪುಳ ಸೇತುವೆಯಾಚೆ ಕೇರಳದವರು ಫಾರಿನ್ನಾ? ನನ್ನ ತಂಗಿ ಅಲ್ಲಿದ್ದಾಳೆ!"

2021ರ ಕೋವಿಡ್ ಕಾಲದಲ್ಲಿ ಆರ್‌ಟಿ-ಪಿಸಿಆರ್ ವರದಿ ಇಲ್ಲದವರನ್ನು ನಮ್ಮ ಚೆಕ್‌ಪೋಸ್ಟಿನಲ್ಲಿ ವಾಪಸು ಕಳಿಸುತ್ತಿದ್ದುದನ್ನು ನೆನಪಿಸಿದ ಮೇಲೆ ಅಕ್ಕನಿಗೆ ಫಾರಿನ್ ಕೀ ಪೂರ್ತಿ ಅರ್ಥವಾಯಿತು. ಪಠ್ಯಪುಸ್ತಕಕ್ಕೆ ಹಾಕಬಹುದಾದ ಉದಾಹರಣೆ, ಸುಳ್ಳು ಹೇಳಬಾರದು.

ಕಂಪನಿ ಪಟ್ಟಿಯನ್ನು ಎರಡು ಕಡತಗಳಲ್ಲಿ ಕೊಟ್ಟಿತ್ತು: ಇಮೇಲ್ ಬೇಕೆಂದವರು, ಬೇಡವೆಂದು ಬಿಟ್ಟುಹೋದವರು. ಭಾವನಿಗೆ ಗಿರಾಕಿಯೆಂದರೆ ಗಿರಾಕಿ. ಎರಡನ್ನೂ ಒಂದೇ ಕೋಷ್ಟಕಕ್ಕೆ ಸುರಿದು, ಪರೀಕ್ಷೆಗೆಂದು ಕಂಪನಿಯ ಹಂಗಿಲ್ಲದೆ ಆ ಕೋಷ್ಟಕ ನೋಡಿ ತಾವೇ ಎಲ್ಲರಿಗೂ "ಮಳೆಗಾಲದ ಜೇನು" ಎಂದು ಇಮೇಲ್ ಕಳಿಸಿದರು.

ಹೋದ ವರ್ಷವೇ ಸದ್ದಿಲ್ಲದೆ "ಬೇಡ" ಒತ್ತಿ ತಪ್ಪಿಸಿಕೊಂಡಿದ್ದ ನನಗೂ ಬಂತು. ಹಿಂದೆಯೇ ಭಾವನ ಫೋನು.

"ಬಂತಾ?"

"ಬಂತು ಭಾವ. ಎರಡು ಸಲ ಬಂತು."

"ಭೇಷ್! ಇನ್ನೊಂದು ಬ್ಯಾಕಪ್ಪು, ಇಟ್ಟುಕೋ."