ಲೋ ಹೇ ಮೀಮಾಂಸೆ: ಹಬ್ಬದ ಹೋಟೆಲೂಟದ ತಾತ್ತ್ವಿಕ ಅಧ್ಯಯನ

ಚೀನೀ ಹೊಸವರ್ಷದ ದಿನಗಳಲ್ಲಿ ಸಿಂಗಪುರದ ರೆಸ್ಟೋರೆಂಟುಗಳಲ್ಲಿ ಗೆಳೆಯರು ಗುಂಡುಮೇಜಿನ ಸುತ್ತ ಎದ್ದುನಿಂತು, ಒಂದೇ ತಟ್ಟೆಯ ಪದಾರ್ಥಗಳನ್ನು ಚಾಪ್‌ಸ್ಟಿಕ್ಕುಗಳಿಂದ ಮೇಲಕ್ಕೆ ಎಗರಿಸುತ್ತ ಕೂಗುವ ಸಾಮೂಹಿಕ ಕ್ರಿಯೆಗೆ ‘ಲೋ ಹೇ’ ಎಂದು ಹೆಸರು. ತಟ್ಟೆಯಲ್ಲಿರುವುದು ಯೂಶೆಂಗ್: ಎಳೆಎಳೆಯಾಗಿ ಹೆಚ್ಚಿದ ಮೂಲಂಗಿ, ಕ್ಯಾರೆಟ್, ಚಕ್ಕೋತದ ತೊಳೆ, ಕುಟ್ಟಿದ ಕಡಲೆಕಾಯಿ, ಎಳ್ಳು, ಪ್ಲಮ್ ಸಾಸ್, ಜೊತೆಗೆ ಹಸಿ ಮೀನಿನ ತೆಳುಹೋಳು. ಮೀನು ತೆಗೆದರೆ ಕನ್ನಡಿಗರ ಕಣ್ಣಿಗೆ ಇದು ಕೋಸಂಬರಿ. ಆದರೆ ವಿದ್ವತ್ ಪರಿಪ್ರೇಕ್ಷ್ಯದಲ್ಲಿ ಹಾಗೆನ್ನುವುದು ಅಕ್ಷಮ್ಯ ಸರಳೀಕರಣ. ಇದು ಬಹುಸಾಂಸ್ಕೃತಿಕ ಅನನ್ಯತೆಗಳ ಊರ್ಧ್ವಮುಖಿ ಸಂಕಥನ.

ಸಂಕಥನದ ಉಗಮದ ಬಗ್ಗೆ ಎರಡು ಪಂಥಗಳಿವೆ. 1964ರಲ್ಲಿ ನಾಲ್ವರು ಬಾಣಸಿಗರು ಇದಕ್ಕೆ ಈಗಿನ ರೂಪ ಕೊಟ್ಟರೆಂಬುದು ಸಿಂಗಪುರ ಪಂಥ. ಅದಕ್ಕೂ ಮೊದಲೇ ಸೆರೆಂಬಾನ್‌ನಲ್ಲಿ ಇತ್ತೆಂಬುದು ಮಲೇಷ್ಯಾ ಪಂಥ. ಬಾಯಿ ತುಂಬಿದಾಗ ಉಭಯರೂ ಸುಮ್ಮನಾಗುತ್ತಾರೆ. ಸೋಂಕಿನ ಕಾರಣದಿಂದ 2015ರಲ್ಲಿ ಸಿಂಗಪುರ ಸರ್ಕಾರ ಸಿಹಿನೀರಿನ ಹಸಿ ಮೀನು ಬಡಿಸುವುದನ್ನು ನಿಷೇಧಿಸಿತು. ತಟ್ಟೆಯಲ್ಲಿ ಸಾಲ್ಮನ್ ಮೀನಿನ ಯಾಜಮಾನ್ಯ ಗಟ್ಟಿಯಾಯಿತು. ಕೋವಿಡ್ ಕಾಲದ 2021ರಲ್ಲಿ ಕೂಗದೆಯೇ ಎಗರಿಸಬೇಕೆಂದು ಆದೇಶವಾಯಿತು. ಇದನ್ನು ಮೌನಸಂಕಥನದ ಘಟ್ಟ ಎಂದು ಗುರುತಿಸತಕ್ಕದ್ದು.

ಎಗರಿಸುವವರಲ್ಲಿ ಏಳು ವರ್ಗಗಳಿವೆ. ಮೊದಲನೆಯವರು ಊರ್ಧ್ವಕ್ಷೇಪಕರು: ಎತ್ತರಕ್ಕೆ ಹೋದಷ್ಟೂ ಭಾಗ್ಯ ಎಂಬ ನಂಬಿಕೆಯ ಇವರ ಮೂಲಂಗಿ ಬೀಳುವುದು ಪಕ್ಕದವರ ಕನ್ನಡಕದ ಮೇಲೆ. ಎರಡನೆಯವರು ಬಿಂಬಗ್ರಾಹಕರು: ಮೊಬೈಲ್ ನೋಡುತ್ತಾರೆ, ತಟ್ಟೆ ನೋಡುವುದಿಲ್ಲ. ಮೂರನೆಯವರು ಮೀನಿಲ್ಲದ ಬೇರೆ ತಟ್ಟೆ ತರಿಸಿಕೊಂಡು, ಚಾಪ್‌ಸ್ಟಿಕ್ಕು ಅದಲುಬದಲಾದೀತೆಂದು ಕಾವಲು ಕಾಯುವ ಸಸ್ಯಾಹಾರಿ ಕನ್ನಡಿಗರು. ಉಳಿದ ನಾಲ್ಕನ್ನು ಸಂಶೋಧನಾ ವಿದ್ಯಾರ್ಥಿಗಳು ಹುಟ್ಟಿಸಿಕೊಳ್ಳಲಿ.

ಸಂಕಥನದ ಆರ್ಥಿಕ ಆಯಾಮಕ್ಕೆ ‘ಪ್ಲಸ್ ಪ್ಲಸ್’ ಎಂಬ ಪರಿಭಾಷೆಯಿದೆ. ಮೆನುವಿನಲ್ಲಿ 100 ಡಾಲರ್. ಅದಕ್ಕೆ ಶೇ 10 ಸರ್ವಿಸ್ ಚಾರ್ಜ್. ಎರಡೂ ಸೇರಿದ್ದಕ್ಕೆ 2024ರಿಂದ ಶೇ 9 ಜಿಎಸ್‌ಟಿ. ಬಿಲ್ಲು 119 ಡಾಲರ್ 90 ಸೆಂಟ್. ಆ ಹತ್ತು ಡಾಲರನ್ನು ಬಡಿಸಿದವರಿಗೇ ಕೊಡಬೇಕೆಂಬ ಕಾನೂನಿಲ್ಲ.

ಬಡಿಸಿದವರು ಯಾರು? ಅನೇಕರು ಜೋಹೋರ್ ಕಡೆಯಿಂದ ಗಡಿ ದಾಟಿ ಬಂದ ಮಲೇಷ್ಯಾದ ಚೀನೀಯರು. ಹಬ್ಬ ಅವರದ್ದೂ ಹೌದು. ಹಬ್ಬದ ಹಿಂದಿನ ರಾತ್ರಿ ಮನೆಮಂದಿಯೆಲ್ಲ ಕೂಡಿ ಉಣ್ಣಬೇಕು. ಆ ಹೊತ್ತಿನಲ್ಲಿ ಅವರು ಪರರ ಮೇಜಿನ ಬಳಿ ನಿಂತು, ಒಂದೊಂದು ಪದಾರ್ಥ ಸುರಿಯುವಾಗಲೂ ಪರರಿಗೆ ಸಂಪತ್ತು, ಆಯಸ್ಸು ಹಾರೈಸುತ್ತಿರುತ್ತಾರೆ. ಎರಡನೇ ಪಂಕ್ತಿಯವರು ಬಾಗಿಲಲ್ಲಿ ಕಾಯುತ್ತಿರುವಾಗ, ಪ್ಲಮ್ ಸಾಸಿನ ಜಿಗುಟಿಗೆ ಮೇಜುಬಟ್ಟೆಯಲ್ಲಿ ಅಂಟಿಕೊಂಡ ಎಳೆಗಳನ್ನು ಉಗುರಿನಿಂದ ಕೆರೆಯುತ್ತಾರೆ. ಆಹಾರ ಸಂಸ್ಕೃತಿಯ ಗೋಷ್ಠಿಗಳಲ್ಲಿ ಅನನ್ಯತೆ, ಅನ್ಯತೆ, ಅಂಚು ಎಂದು ದಿನವಿಡೀ ಕೊರೆಯುವವರಿಗೆ ಈ ಮನುಷ್ಯ ಕಾಣುವುದಿಲ್ಲ. ನಾಚಿಕೆಗೇಡು! ಅಂಚಿನವರ ಬಗ್ಗೆ ಪ್ರಬಂಧ ಮಂಡಿಸಿದ ಬಾಯಿಯೇ ಸಾಸ್ ತಡವಾಯಿತೆಂದು ಅವರನ್ನು ಗದರುತ್ತದೆ.

ಹಬ್ಬಕ್ಕೆ ಹೊರಗೆ ಉಣ್ಣುವವರು ಚೆಲ್ಲಿದ್ದನ್ನು ತಾವೇ ತಟ್ಟೆಗೆ ಬಳಿದು, ಹಬ್ಬದ ಉಡುಗೊರೆ ಹಣದ ಕೆಂಪು ಲಕೋಟೆಯೊಂದನ್ನು ಬಡಿಸಿದವರ ಕೈಗೇ ಕೊಟ್ಟು ಏಳಲಿ. ಸರ್ವಿಸ್ ಚಾರ್ಜ್ ಕೊಟ್ಟಾಗಿದೆಯಲ್ಲ ಎನ್ನುವುದು ಬರೀ ನೆಪ.