ಕೋಮೋ ಸರೋವರಕ್ಕೊಂದು ಛಾಪಾಕಾಗದ

ನಮ್ಮ ಕಡೆ ಒಂದು ಮದುವೆ ನಿಂತುಹೋಗಲು ಕಾರಣಗಳಿಗೇನೂ ಬರವಿಲ್ಲ. ಜಾತಕದಲ್ಲಿ ಕುಜ ಕೂತಿರಬಹುದು, ಗೋತ್ರ ಒಂದೇ ಆಗಿರಬಹುದು, ಹೆಣ್ಣು ನೋಡಲು ಹೊರಟಾಗ ಬೆಕ್ಕು ಅಡ್ಡ ಬಂದಿರಬಹುದು, ಹುಡುಗನ ಚಿಕ್ಕಪ್ಪನಿಗೆ ಕೊಟ್ಟ ಕಾಫಿಲೋಟ ಅರ್ಧವೇ ಇದ್ದಿರಬಹುದು. ಆದರೆ ಕಾಗದ ಇಲ್ಲ ಎಂದು ನಿಂತ ಮದುವೆಯನ್ನು ನಾನು ಕಂಡಿರಲಿಲ್ಲ. ಬದುಕಿನ ಬಹುಭಾಗವನ್ನು ತಾಲ್ಲೂಕು ಕಚೇರಿಯ ಕಡತಗಳ ನಡುವೆ ಕಳೆದವನು ನಾನು. ಜಮೀನಿಗೆ ಪಹಣಿ, ಸತ್ತವರಿಗೆ ಮರಣಪತ್ರ, ಬದುಕಿರುವವರಿಗೆ ಬದುಕಿದ್ದಾರೆಂಬ ಪತ್ರ, ಹೀಗೆ ಎಲ್ಲಕ್ಕೂ ಕಾಗದ ಕೇಳಿ ಕೇಳಿ ಜನರ ಶಾಪ ಉಂಡಿದ್ದೇನೆ. ಮದುವೆಗೆ ಮಾತ್ರ ಅರಿಶಿನ ಹಚ್ಚಿದ ಲಗ್ನಪತ್ರಿಕೆಯೊಂದು ಸಾಕಾಗುತ್ತಿತ್ತು.

ಹೀಗಿರಲು, ಮಿಲಾನ್‌ನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗಳು ಹುಬ್ಬಳ್ಳಿಯ ಹುಡುಗನನ್ನು ಒಪ್ಪಿದಳು. ಹುಡುಗ ಇರುವುದು ಬೆಂಗಳೂರಿನಲ್ಲಿ. ಮದುವೆ ಮೈಸೂರಿನಲ್ಲಾದರೆ ಹುಬ್ಬಳ್ಳಿಯವರಿಗೆ ದೂರ, ಹುಬ್ಬಳ್ಳಿಯಲ್ಲಾದರೆ ನಮಗೆ ದೂರ. ಯಾರಿಗೂ ಬೇಸರವಾಗದಿರಲೆಂದು ಇಬ್ಬರೂ ಕೂಡಿ ಎಲ್ಲರಿಗೂ ದೂರವಾದ ಜಾಗವನ್ನೇ ಆರಿಸಿದರು: ಇಟಲಿಯ ಕೋಮೋ ಸರೋವರದ ದಡ.

ನನ್ನ ತಂಗಿಗೆ ಕೋಮೋ ಗೊತ್ತಿತ್ತು. 2018ರ ನವೆಂಬರಿನಲ್ಲಿ ದೀಪಿಕಾ ಪಡುಕೋಣೆ ಅದೇ ಸರೋವರದ ವಿಲ್ಲಾ ದೆಲ್ ಬಾಲ್ಬಿಯಾನೆಲ್ಲೋದಲ್ಲಿ ಒಂದು ದಿನ ಕೊಂಕಣಿ ಪದ್ಧತಿಯಲ್ಲಿ, ಮರುದಿನ ಸಿಖ್ ಪದ್ಧತಿಯಲ್ಲಿ ಮದುವೆಯಾಗಿ, ಬೆಂಗಳೂರಿಗೆ ಬಂದು ಆರತಕ್ಷತೆ ಮಾಡಿಕೊಂಡದ್ದನ್ನು ಅವಳು ಸೀರೆಯ ಅಂಚಿನ ಸಮೇತ ವರ್ಣಿಸಬಲ್ಲಳು. "ಅಲ್ಲೇನಾ?" ಎಂದು ಕಣ್ಣರಳಿಸಿದಳು. ಆ ವಿಲ್ಲಾ ಅಲ್ಲಮ್ಮ, ಪಕ್ಕದ ಪುಟ್ಟ ಊರಿನ ಪುರಸಭೆಯ ಸಭಾಂಗಣ, ಕಿಟಕಿಯಲ್ಲಿ ಕಾಣುವ ನೀರು ಮಾತ್ರ ಅದೇ ಎಂದು ಮಗಳು ತಿದ್ದಿದಳು.

ವಿದೇಶದಲ್ಲಿ ಮದುವೆಯಾಗುವ ನಮ್ಮವರಲ್ಲಿ ಜಾಣರು ಒಂದು ಉಪಾಯ ಕಂಡುಕೊಂಡಿದ್ದಾರೆ. ಮನೆಮಟ್ಟಿಗೆ ತಾಳಿ ಕಟ್ಟಿಸಿ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿ, ಆಮೇಲೆ ಬಾಲಿಗೋ ಫುಕೆಟ್‌ಗೋ ಹೋಗಿ ಹಾರ ಬದಲಾಯಿಸಿ ಫೋಟೋ ತೆಗೆಸಿಕೊಂಡು ಬರುವುದು. ಅಲ್ಲಿನ ಸರ್ಕಾರದ ಪಾಲಿಗೆ ಅದು ಮದುವೆಯಲ್ಲ, ಹೋಟೆಲಿನವರ ಪಾಲಿಗೆ ಮಾತ್ರ ಮದುವೆ. ನಾನೂ ಅದನ್ನೇ ಹೇಳಿನೋಡಿದೆ. ಹುಡುಗಿ ಒಪ್ಪಲಿಲ್ಲ. "ಇಲ್ಲ ಮಾಮ, ನಾಳೆ ಇವನನ್ನ ಮಿಲಾನ್‌ಗೆ ಕರೆಸಿಕೊಳ್ಳುವಾಗ ಅಲ್ಲಿನ ರಿಜಿಸ್ಟರಿನಲ್ಲೇ ಹೆಸರಿದ್ದರೆ ಒಳ್ಳೇದು" ಎಂದಳು. ಅವಳ ಮಾತಿನಲ್ಲೂ ಹುರುಳಿತ್ತು. 2017ರ ಡಿಸೆಂಬರಿನಲ್ಲಿ ನಮ್ಮ ಆರ್‌ಸಿಬಿಯ ಕೊಹ್ಲಿ ಟಸ್ಕನಿಯಲ್ಲಿ ಅನುಷ್ಕಾ ಶರ್ಮಾರನ್ನು ಮದುವೆಯಾದಾಗ, ರೋಮ್‌ನ ನಮ್ಮ ರಾಯಭಾರ ಕಚೇರಿಗೆ ಮೊದಲೇ ತಿಳಿಸಿದ್ದರೇ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹೋಗಿ, ಇಲ್ಲ ಎಂಬ ಉತ್ತರ ಬಂದು, ಹಾಗಾದರೆ 1969ರ ವಿದೇಶಿ ವಿವಾಹ ಕಾಯ್ದೆಯ ಪ್ರಕಾರ ನೋಂದಣಿಯಾಗಿಲ್ಲ, ಇಲ್ಲಿ ಇನ್ನೊಮ್ಮೆ ಮಾಡಿಸಬೇಕಾದೀತು ಎಂದು ಪತ್ರಿಕೆಗಳು ಬರೆದಿದ್ದವು. ಲೋಕವೆಲ್ಲ ಕಣ್ಣಾರೆ ಕಂಡ ಮದುವೆಗೇ ಹೀಗಾದರೆ, ನಮ್ಮ ಹುಡುಗಿಯದನ್ನು ಕೇಳುವವರು ಯಾರು?

ಇಟಲಿಯ ನಾಗರಿಕ ಸಂಹಿತೆಯ 116ನೇ ವಿಧಿ ಹೊರದೇಶದವರ ಮದುವೆಯ ಮಾತಾಡುತ್ತದೆ. ಇವರ ಮದುವೆಗೆ ಅಡ್ಡಿಯೇನೂ ಇಲ್ಲ ಎಂದು ಅವರವರ ದೇಶದ ಅಧಿಕಾರಿ ಬರೆದುಕೊಡಬೇಕು. ನುಲ್ಲಾ ಓಸ್ತಾ ಎಂದು ಆ ಕಾಗದದ ಹೆಸರು. ನಮ್ಮವರಿಗೆ ಅದನ್ನು ಕೊಡುವುದು ಮಿಲಾನ್‌ನಲ್ಲಿರುವ ಭಾರತದ ಕಾನ್ಸುಲೇಟ್. ಅವರು ಕೊಡಬೇಕಾದರೆ ಜನನ ಪ್ರಮಾಣಪತ್ರ ಬೇಕು, ಅವಿವಾಹಿತರೆಂಬ ಅಫಿಡವಿಟ್ ಬೇಕು, ಅವೆರಡಕ್ಕೂ ಅಪೋಸ್ಟೀಲ್ ಬೇಕು. ಕಾಗದ ಅಂದಮೇಲೆ ಮಾಮ ಇದ್ದಾರಲ್ಲ ಎಂದು ಎರಡೂ ಮನೆಯವರು ನೆಮ್ಮದಿಯಾಗಿ ಸೀರೆ ಆರಿಸಲು ಕೂತರು.

ಜನನ ಪ್ರಮಾಣಪತ್ರ ತೆಗೆದು ನೋಡಿದರೆ ಮಗುವಿನ ಹೆಸರಿನ ಜಾಗ ಖಾಲಿ. ಇದು ನಮ್ಮ ಮನೆಯ ವಿಶೇಷವೇನಲ್ಲ. ಆಸ್ಪತ್ರೆಯವರು ಹುಟ್ಟಿದ್ದನ್ನು ಬರೆಸುವ ಹೊತ್ತಿಗೆ ನಮ್ಮಲ್ಲಿ ನಾಮಕರಣವೇ ಆಗಿರುವುದಿಲ್ಲ. ಆದಮೇಲೆ ಹೋಗಿ ಹೆಸರು ಸೇರಿಸಿಬರುವಷ್ಟು ಪುರುಸೊತ್ತು ಯಾವ ಅಪ್ಪನಿಗಿತ್ತು? ಹಾಗಾಗಿ ಸರ್ಕಾರದ ಪುಸ್ತಕದಲ್ಲಿ ನನ್ನ ತಂಗಿಗೆ ಒಂದು ಹೆಣ್ಣು ಮಗು ಹುಟ್ಟಿತ್ತು, ಅಷ್ಟೆ. ಆ ಮಗು ಇದೇ ಎಂದು ಸಾಧಿಸಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬೇಕಾಯಿತು. ಅದರಲ್ಲಿ ಹೆಸರಿನ ಪಕ್ಕ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್‌ಗಳು ಬಿಚ್ಚಿಕೊಂಡು ಊರಿನ ಹೆಸರೂ ಅಪ್ಪನ ಹೆಸರೂ ಆಗಿ ಕೂತಿದ್ದವು, ಅಪ್ಪನದು ಸರ್‌ನೇಮಿನ ಜಾಗದಲ್ಲಿ. ಇಟಲಿಯವರು ಸರ್‌ನೇಮ್ ಹಿಡಿದು ಕರೆಯುವವರು. ಅಲ್ಲಿನ ಪುರಸಭೆಯಿಂದ ಬಂದ ಪತ್ರಗಳೆಲ್ಲ ಬಹಳ ಮರ್ಯಾದೆಯಿಂದ ನನ್ನ ಭಾವಮೈದನನ್ನೇ ಮದುಮಗಳೆಂದು ಸಂಬೋಧಿಸುತ್ತಿದ್ದವು. ಈ ವಿಷಯದಲ್ಲಿ ಉತ್ತರ ಕರ್ನಾಟಕದವರು ಪುಣ್ಯವಂತರು. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಎಂದು ಅವರ ಅಡ್ಡಹೆಸರುಗಳು ದಿನಸಿ ಚೀಟಿಯ ಹಾಗೆ ಕೇಳಿಸಿದರೂ ಯಾವ ದೇಶದ ಅರ್ಜಿಗಾದರೂ ಸಲೀಸಾಗಿ ಹೊಂದುತ್ತವೆ. ಹುಡುಗನ ಕಾಗದ ತಕರಾರಿಲ್ಲದೆ ಮುಗಿಯಿತು. ಬೀಗರು ಅದನ್ನು ಮನೆತನದ ಹಿರಿಮೆ ಎಂದೇ ತಿಳಿದರು.

ಅಫಿಡವಿಟ್ಟಿಗೆ ಕೋರ್ಟಿನ ಮುಂದಿನ ನೋಟರಿಯ ಹತ್ತಿರ ಹೋದೆ. ಅವರು ಟೈಪು ಮಾಡಿಸುತ್ತ, "ಹುಡುಗಿಗೆ ಮೊದಲು ಮದುವೆಯಾಗಿಲ್ಲ ಅನ್ನೋದಕ್ಕೆ ಏನು ಆಧಾರ?" ಎಂದರು. ಆಗದೇ ಇರುವುದಕ್ಕೆ ಆಧಾರ ಎಲ್ಲಿಂದ ತರುವುದು? ಆಗಿದ್ದರೆ ನಾನು ಉಂಡಿರುತ್ತಿದ್ದೆನಲ್ಲ, ಎಂದೆ. ಅವರು ನಕ್ಕು ಸೀಲು ಹಾಕಿದರು.

ಆ ಮಾತು ತಮಾಷೆಗೆ ಬಂದದ್ದಾದರೂ ದಾರಿಯುದ್ದಕ್ಕೂ ತಲೆಯಲ್ಲಿ ಕೊರೆಯಿತು. ಅಡ್ಡಿಯಿಲ್ಲವೆಂಬ ಕಾಗದವನ್ನು ನಮ್ಮ ಊರುಗಳಲ್ಲಿ ಯಾರೂ ಕೇಳುತ್ತಿರಲಿಲ್ಲ. ನಮ್ಮವರು ಅಷ್ಟು ನಂಬಿಕಸ್ತರೆಂದು ಯಾರೂ ಭ್ರಮಿಸಬೇಕಾಗಿಲ್ಲ, ಆ ಕೆಲಸಕ್ಕೆ ಬೇರೆಯೇ ಇಲಾಖೆ ಇತ್ತು. ನನ್ನ ಮದುವೆ ಗೊತ್ತಾಗುವ ಮುಂಚೆ ಹೆಂಡತಿಯ ಕಡೆಯ ಹಿರಿಯರೊಬ್ಬರು ನಮ್ಮ ಬೀದಿಯ ಶೆಟ್ಟರ ಅಂಗಡಿಯ ಜಗಲಿಯಲ್ಲಿ ಸುಮ್ಮನೆ ಕೂತು, ಒಂದು ಪೊಟ್ಟಣ ನಶ್ಯ ಮುಗಿಯುವಷ್ಟರಲ್ಲಿ ನನ್ನ ಸಂಬಳ, ನಮ್ಮಪ್ಪನ ಸಾಲ, ನಮ್ಮಜ್ಜಿಯ ಬಾಯಿ, ಕಾಲೇಜಿನಲ್ಲಿ ನಾನು ಯಾರ ಹಿಂದೆ ಸೈಕಲ್ ತುಳಿದಿದ್ದೆ ಎಂಬುದನ್ನೆಲ್ಲ ತಿಳಿದುಕೊಂಡು ಹೋಗಿದ್ದರು. ಯಾವ ಕಾನ್ಸುಲೇಟಿಗೆ ಅದು ಸಾಧ್ಯ? ಛತ್ರದಲ್ಲಿ ಹಾಸಿದಷ್ಟೂ ಎಲೆ, ಅಷ್ಟೂ ಸಾಕ್ಷಿ. ಮದುವೆಗೆ ಸಾವಿರ ಜನ ಯಾಕೆ ಬೇಕು ಎಂದು ಮೂಗು ಮುರಿಯುವ ಈಗಿನವರು ಇಪ್ಪತ್ತು ಜನರ ಮದುವೆ ಮಾಡಿಕೊಳ್ಳುತ್ತಾರೆ. ಮಿಕ್ಕವರ ಜಾಗಕ್ಕೆ ಕಾಗದ ಬಂದು ಕೂರುತ್ತದೆ. ಕೋಮೋ ದಡದಲ್ಲಿ ಶೆಟ್ಟರ ಅಂಗಡಿ ಇಲ್ಲವಲ್ಲ.

ಅಪೋಸ್ಟೀಲ್ ಎಂದರೆ, ನಮ್ಮ ಅಧಿಕಾರಿಯ ರುಜು ಅಸಲಿ ಎಂದು ವಿದೇಶಾಂಗ ಸಚಿವಾಲಯ ಕಾಗದದ ಹಿಂದೆ ಅಂಟಿಸುವ ಸ್ಟಿಕರ್. 1961ರ ಹೇಗ್ ಒಪ್ಪಂದದ ಕೂಸು. ಭಾರತದಲ್ಲಿ 2005ರಿಂದ ಜಾರಿಯಲ್ಲಿದೆ. ಒಪ್ಪಂದದ ದೇಶಗಳೆಲ್ಲ ಪರಸ್ಪರರ ಸ್ಟಿಕರನ್ನು ಮರುಮಾತಿಲ್ಲದೆ ಒಪ್ಪಬೇಕು. ಆದರೆ ನಾವು ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತು, ಹಾಗಾಗಿ ನಮ್ಮ ಸ್ಟಿಕರಿಗೆ ಅಲ್ಲಿ ಬೆಲೆ ಸಿಗಲಿಲ್ಲ. ಜರ್ಮನಿಯಲ್ಲಿರುವ ನಮ್ಮ ಸಾಫ್ಟ್‌ವೇರ್ ಹುಡುಗರು ಕೆಲವರು ಅಲ್ಲಿನ ಕಾಗದದ ಕಾಟಕ್ಕೆ ಹೆದರಿ ಡೆನ್ಮಾರ್ಕಿನ ಏರೋ ಎಂಬ ದ್ವೀಪಕ್ಕೆ ಹೋಗಿ ಮದುವೆಯಾಗಿ ಬರುವುದೂ ಉಂಟು. ಆ ದ್ವೀಪಕ್ಕೆ ಇದೇ ಒಂದು ಕಸುಬಾಗಿಬಿಟ್ಟಿದೆ.

ಕಾಗದ ತಪ್ಪಿಸಿಕೊಳ್ಳಲು ಗಡಿ ದಾಟುವುದು ಹಳೆಯ ಸಂಪ್ರದಾಯ. 1753ರಲ್ಲಿ ಲಾರ್ಡ್ ಹಾರ್ಡ್‌ವಿಕ್ ತಂದ ಕಾಯ್ದೆ ಇಂಗ್ಲೆಂಡಿನಲ್ಲಿ ಗುಟ್ಟಿನ ಮದುವೆಗಳಿಗೆ ತಡೆ ಹಾಕಿತು. ಚರ್ಚಿನಲ್ಲಿ ಸಾರಬೇಕು ಇಲ್ಲವೇ ಲೈಸೆನ್ಸ್ ಪಡೆಯಬೇಕು, 21 ತುಂಬದವರಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಕಾಯ್ದೆ ಸ್ಕಾಟ್ಲೆಂಡಿಗೆ ಅನ್ವಯಿಸಲಿಲ್ಲ. ಅಲ್ಲಿ ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿದ್ದೇವೆ ಎಂದರೆ ಮುಗಿಯಿತು. ಗಡಿ ದಾಟಿದೊಡನೆ ಸಿಗುವ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಪ್ರೇಮಿಗಳು ಸಾರೋಟಿನಲ್ಲಿ ಓಡಿಬರುತ್ತಿದ್ದರು. ಅಲ್ಲಿನ ಕಮ್ಮಾರ ಅಡೆಗಲ್ಲಿನ ಮುಂದೆ ನಿಲ್ಲಿಸಿ ಮದುವೆ ಮಾಡಿಸುತ್ತಿದ್ದ. ಕೊನೆಗೆ 1856ರಲ್ಲಿ, ಇಬ್ಬರಲ್ಲಿ ಒಬ್ಬರಾದರೂ 21 ದಿನ ಸ್ಕಾಟ್ಲೆಂಡಿನಲ್ಲಿ ವಾಸವಿರಬೇಕೆಂಬ ಕಾನೂನು ಬಂದು ಕಮ್ಮಾರನ ಸಂಪಾದನೆ ಇಳಿಯಿತು. ಬೆನ್ನಟ್ಟಿಬರುವ ಮಾವನಿದ್ದರೆ 21 ದಿನ ಬಹಳ ದೀರ್ಘ. ಇವತ್ತಿಗೆ ಆ ಕಮ್ಮಾರನ ವಾರಸುದಾರರು ಲಾಸ್ ವೇಗಾಸಿನವರು. ಅಲ್ಲಿನ ಕ್ಲಾರ್ಕ್ ಕೌಂಟಿಯ ಲೈಸೆನ್ಸ್ ಕಚೇರಿ ವರ್ಷದ ಎಲ್ಲ ದಿನವೂ ಬೆಳಗ್ಗೆ 8ರಿಂದ ನಡುರಾತ್ರಿಯವರೆಗೆ ತೆರೆದಿರುತ್ತದೆ. ಇಬ್ಬರೂ ಎದುರಿಗೆ ನಿಂತು ಗುರುತು ತೋರಿಸಿ, 102 ಡಾಲರ್ ಕಟ್ಟಿದರೆ ಸಾಕು, ಕಾಯುವ ಮಾತಿಲ್ಲ. ಇದನ್ನು ತಂಗಿಗೆ ಹೇಳಿದೆ. "ಅಣ್ಣ, ನಡುರಾತ್ರಿವರೆಗೂ ಬಾಗಿಲು ತೆಗೆದಿರೋ ಕಡೆ ಮರ್ಯಾದಸ್ಥರು ಹೋಗ್ತಾರಾ?" ಎಂದಳು.

ಕಾನ್ಸುಲೇಟಿನ ಕಾಗದ ಕೈಗೆ ಬಂದಮೇಲೂ ಅದರ ರುಜುವನ್ನು ಇಟಲಿಯ ಪ್ರಿಫೆಕ್ಟರ ಕಚೇರಿ ದೃಢೀಕರಿಸಬೇಕಂತೆ, 16 ಯೂರೋ ಸ್ಟಾಂಪು ಹಚ್ಚಿ. ಆ ಸ್ಟಾಂಪು ಸಿಗುವುದು ಸಿಗರೇಟು ಅಂಗಡಿಯಲ್ಲಿ. ಇಡೀ ವ್ಯವಹಾರದಲ್ಲಿ ನನ್ನ ಮನಸ್ಸಿಗೆ ಹಿತವಾದ ಸಂಗತಿ ಇದೊಂದೇ. ಬೀಡಾ ಕಟ್ಟಿಸಿಕೊಳ್ಳುತ್ತ ಛಾಪಾಕಾಗದವನ್ನೂ ಕೊಳ್ಳುವಂತಿದ್ದರೆ ನಮ್ಮ ರೈತರ ಎಷ್ಟು ದಿನ ಉಳಿಯುತ್ತಿತ್ತು!

ಹುಡುಗಿ ಅಲ್ಲಿನ ನಿವಾಸಿಯಾದ್ದರಿಂದ ಮದುವೆಯ ಪ್ರಕಟಣೆಯೂ ಆಗಬೇಕು; ಎಂಟು ದಿನ ಪುರಸಭೆಯ ಜಾಲತಾಣದಲ್ಲಿ ಇಬ್ಬರ ಹೆಸರು. ನಮ್ಮ ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನ ನೋಟಿಸು ಅಂಟಿಸುವುದೂ ಇದೇ ತರದ್ದು: ತಕರಾರಿದ್ದವರು ಈಗಲೇ ಹೇಳಿ. ಮಿಲಾನ್ ನಗರದಲ್ಲಿ ಒಂದು ನರಪಿಳ್ಳೆಯೂ ತಕರಾರು ತೆಗೆಯಲಿಲ್ಲ. ತಕರಾರುಗಳೆಲ್ಲ ಮೈಸೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಯಾವ ನೋಟಿಸಿಗೂ ಕಾಯದೆ ಬಂದವು.

ಅವುಗಳಲ್ಲಿ ಗಟ್ಟಿಯಾದದ್ದು ನಮ್ಮ ಪುರೋಹಿತರದು. ಪುರಸಭೆ ಕೊಟ್ಟಿದ್ದು ಜೂನ್ ತಿಂಗಳ ಒಂದು ಶನಿವಾರ, ಬೆಳಗ್ಗೆ 11 ಗಂಟೆ. ಶನಿವಾರದ ರಾಹುಕಾಲ ಒಂಬತ್ತರಿಂದ ಹತ್ತೂವರೆ ಎಂಬುದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಹನ್ನೊಂದಕ್ಕೆ ಭಯವಿಲ್ಲ ಎಂದುಕೊಂಡೆವು. ಪುರೋಹಿತರು ಒಂಟಿಕೊಪ್ಪಲ್ ಪಂಚಾಂಗ ಮಡಿಸಿಟ್ಟು, ಮೊಬೈಲಿನಲ್ಲಿ ಅಲ್ಲಿನ ಸೂರ್ಯೋದಯ ಹುಡುಕಿ ಲೆಕ್ಕ ಹಾಕಿದರು. ರಾಹುಕಾಲ ಎಂದರೆ ಹಗಲಿನ ಎಂಟನೇ ಒಂದು ಪಾಲು. ಜೂನ್‌ನಲ್ಲಿ ಕೋಮೋದ ಹಗಲು ಹದಿನೈದೂಮುಕ್ಕಾಲು ಗಂಟೆಯಷ್ಟು. ಹಾಗಾಗಿ ರಾಹುವೂ ಅಲ್ಲಿ ಹತ್ತಿರಹತ್ತಿರ ಎರಡು ಗಂಟೆ ಕೂರುತ್ತಾನೆ, ಏಳುವುದು ಹನ್ನೊಂದೂವರೆಗೆ. ಯುರೋಪಿನಲ್ಲಿ ಕೆಲಸದ ಹೊತ್ತು ಕಡಿಮೆ ಎಂದು ಕೇಳಿದ್ದೆ. ರಾಹುವಿಗೆ ಆ ಸವಲತ್ತು ಸಿಕ್ಕಿಲ್ಲ. ಹುಡುಗಿ ಪುರಸಭೆಗೆ ಏನೆಂದು ಬರೆದಳೋ, ಸಮಯ 12ಕ್ಕೆ ಬದಲಾಯಿತು.

ಅಗ್ನಿಸಾಕ್ಷಿ ಇಲ್ಲದ್ದು ಮದುವೆಯೇ ಅಲ್ಲ ಎಂಬುದು ಪುರೋಹಿತರ ಎರಡನೇ ತಕರಾರು. ಇದರಲ್ಲಿ ಸುಪ್ರೀಂ ಕೋರ್ಟೂ ಅವರ ಕಡೆಗಿದೆ. ಹಿಂದೂ ವಿವಾಹ ಕಾಯ್ದೆಯಡಿ ವಿಧಿಗಳೇ ನಡೆಯದೆ ಬರೀ ಸರ್ಟಿಫಿಕೇಟು ಪಡೆದರೆ ಅದು ಮದುವೆಯಾಗದು ಎಂದು 2024ರಲ್ಲಿ ಹೇಳಿತು. ಇಟಲಿಯ ಪುರಸಭೆಗೆ ಸಪ್ತಪದಿಯ ಏಳು ಹೆಜ್ಜೆಗೆ ಕಾಲಂ ಇಲ್ಲ. ಸರಿ, ಹೋಮ ಮೈಸೂರಿನಲ್ಲಿ, ಮಕ್ಕಳು ಬಂದ ಮೇಲೆ ಎಂದು ತೀರ್ಮಾನವಾಯಿತು. ಪುರೋಹಿತರ ಸಂಕಲ್ಪವೇನು ಕಡಿಮೆಯೇ? ಯಾವ ದ್ವೀಪ, ಯಾವ ಖಂಡ, ನದಿಯ ಯಾವ ದಡ, ಸಂವತ್ಸರ, ಅಯನ, ಋತು, ಮಾಸ, ತಿಥಿ, ವಾರ, ಗೋತ್ರ, ಹೆಸರು. ನಾನು ಕಂಡ ಅರ್ಜಿಗಳಲ್ಲೆಲ್ಲ ಬಹಳ ಹಳೆಯದು ಮತ್ತು ಅಚ್ಚುಕಟ್ಟಾದದ್ದು ಅದೇ.

ತಂಗಿ, ಭಾವಮೈದ ಹೋದರು. ವೀಸಾಕ್ಕೆಂದು ಮತ್ತೊಂದು ಕಂತೆ ಕಾಗದ ಕೂಡಿಸುವ ಚೈತನ್ಯ ನನ್ನಲ್ಲಿ ಉಳಿದಿರಲಿಲ್ಲ. ಮಧ್ಯಾಹ್ನ ಮೂರೂವರೆಗೆ ಮನೆಯ ಟಿವಿಗೆ ಫೋನು ಜೋಡಿಸಿಕೊಂಡು ಕೂತೆವು, ದೊಡ್ಡಮ್ಮ ಎದುರಿನ ಕುರ್ಚಿಯಲ್ಲಿ. ಹಸಿರು ಬಿಳಿ ಕೆಂಪು ಪಟ್ಟಿಯನ್ನು ಹೆಗಲಿನಿಂದ ಇಳಿಬಿಟ್ಟಿದ್ದ ಅಧಿಕಾರಿಣಿಯೊಬ್ಬಳು ಎದ್ದು ಸಂಹಿತೆಯ 143, 144, 147ನೇ ವಿಧಿಗಳನ್ನು ಗಟ್ಟಿಯಾಗಿ ಓದಿದಳು. ದುಭಾಷಿ ಇಂಗ್ಲಿಷಿನಲ್ಲಿ ಹೇಳಿದ. ನಾನು ದೊಡ್ಡಮ್ಮನಿಗೆ ಕನ್ನಡದಲ್ಲಿ ಹೇಳಿದೆ. ನಿಷ್ಠೆಯಿಂದಿರಬೇಕು, ಕಷ್ಟಕ್ಕಾಗಬೇಕು, ಒಟ್ಟಿಗೆ ವಾಸವಿರಬೇಕು, ಮಕ್ಕಳನ್ನು ಸಾಕಿ ಓದಿಸಬೇಕು. "ಇದನ್ನ ಕೇಳೋಕೆ ಅಷ್ಟು ದೂರ ಹೋಗಬೇಕಿತ್ತಾ?" ಎಂದರು ದೊಡ್ಡಮ್ಮ. ಇಬ್ಬರು ಸಾಕ್ಷಿಗಳ ಎದುರು ಇಬ್ಬರೂ ಒಪ್ಪಿಗೆ ಎಂದರು. ಆಮೇಲೆ ಅಧಿಕಾರಿಣಿ ಇನ್ನೊಂದು ಕೇಳಿದಳು: ಆಸ್ತಿ ಜಂಟಿಯೋ, ಬೇರೆಬೇರೆಯೋ? ಏನೂ ಹೇಳದಿದ್ದರೆ ಜಂಟಿ ಎಂದೇ ಅಲ್ಲಿನ ಕಾನೂನು. ಹುಡುಗರು ಬೇರೆಬೇರೆ ಎಂದರು. ದೊಡ್ಡಮ್ಮ ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. "ಇನ್ನೂ ಆರತಿ ಎತ್ತಿಲ್ಲ, ಆಗಲೇ ಪಾಲಾಯ್ತೇನೋ?"

ಮರುವಾರ ಹುಬ್ಬಳ್ಳಿಯ ಬೀಗರ ಫೋನು ಬಂತು. "ರೀ ಬೀಗರ, ಎಲ್ಲಾ ಬಾಳ ಛಲೋ ಆತ್ರಿ. ನಿಮಗ ಹೆಂಗೂ ಕಾಗದದ ರೂಢಿ ಐತಿ. ನಮ್ಮ ಸಣ್ಣ ಮಗಂದು ಬಾಲಿಯಾಗ ಮಾಡೂಣು ಅನ್ನಾಕತ್ತಾರ. ಅದೂ ಹಿಂಗ, ಅಲ್ಲಿ ಸರಕಾರದ್ದ ರಿಜಿಸ್ಟರ್ ಆಗಬೇಕಂತ."

ಹುಡುಗಿ ಯಾವ ಊರಿನವಳು ಎಂದು ಕೇಳಿದೆ. ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಒಳ್ಳೇ ಮಂದಿ ಎಂದರು. ಇಂಡೋನೇಷ್ಯಾದ 1974ರ ವಿವಾಹ ಕಾನೂನಿನಲ್ಲಿ ಮದುವೆ ಧರ್ಮದ ವಿಧಿಯಂತೆ ನಡೆಯಬೇಕು, ಇಬ್ಬರದೂ ಒಂದೇ ಧರ್ಮವಾಗಿರಬೇಕೆಂದು ಅಲ್ಲಿನವರು ಕೇಳುತ್ತಾರೆ. ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬೀಗರು, "ಅವರದೂ ಅಡ್ಡಹೆಸರು ಐತಿ ಬಿಡ್ರಿ, ತೊಂದ್ರಿ ಆಗಂಗಿಲ್ಲ" ಎಂದರು.